ವಿದ್ಯಾರ್ಥಿವೇತನ ಪಡೆಯುವುದು ಒಂದು, ಉಳಿಸಿಕೊಳ್ಳುವುದು ಇನ್ನೊಂದು
ಅಂಕ, ಹಾಜರಾತಿ ಹಾಗೂ ನಮ್ಮ ಅಡಿಕೆ ಹಂಗಾಮು

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಆಸುಪಾಸಿನಲ್ಲಿ ಅಡಿಕೆ ಕೊಯ್ಲು ಆರಂಭವಾಯಿತೆಂದರೆ ಪ್ರತಿ ಕಣವೂ ಒಂದು ಸಣ್ಣ ಕಾರ್ಖಾನೆಯಾಗುತ್ತದೆ. ಖೇಣಿ ಹಿಡಿದವರ ಅಂಗಳಗಳಲ್ಲಿ ಗೊನೆ ಬಂದು ಬೀಳುತ್ತದೆ. ಸುಲಿತ ರಾತ್ರಿಯವರೆಗೂ ಸಾಗುತ್ತದೆ. ಹಂಡೆಗಳಲ್ಲಿ ಚೊಗರು ಕುದಿಯುತ್ತದೆ. ಸುಲಿಯುವ ಯಂತ್ರಗಳು ಬಂದು ಹಲವು ವರ್ಷಗಳೇ ಆಗಿದ್ದರೂ ಆರಿಸುವುದಕ್ಕೆ, ಬೇಯಿಸುವುದಕ್ಕೆ, ಒಣಗಿಸುವುದಕ್ಕೆ ಕೈಗಳ ಅಗತ್ಯ ತಪ್ಪಿಲ್ಲ. ಆ ಕೈಗಳಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳವು. ತಂದೆ ತಾಯಿಯರ ಜೊತೆಗೆ ಬಂದು ಕುಳಿತವರು, ಶುಲ್ಕದ ಹಣ ಹೊಂದಿಸಲೆಂದು ತಾವಾಗಿಯೇ ಬಂದವರು, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತಂದೆಯ ಬದಲಿಗೆ ಕೂರುವ ವರ್ತಕರ ಮಕ್ಕಳು, ಹೀಗೆ ಎಲ್ಲರೂ ಅದರಲ್ಲಿ ಸೇರುತ್ತಾರೆ.

ಈ ಹಂಗಾಮು ಬರುವುದು ಪದವಿ ಕಾಲೇಜುಗಳಲ್ಲಿ ಬೆಸ ಸೆಮಿಸ್ಟರ್ ನಡೆಯುವ ತಿಂಗಳುಗಳಲ್ಲೇ. ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳದ ಕಟಾವು, ಹೊನ್ನಾಳಿ ಹಾಗೂ ನ್ಯಾಮತಿ ಸೀಮೆಯ ಮುಂಗಾರು ಬೆಳೆಯ ಒಕ್ಕಣೆಯೂ ಹೆಚ್ಚುಕಡಿಮೆ ಇದೇ ಅವಧಿಗೆ ಒದಗುತ್ತವೆ. ತರಗತಿಗೆ ಹೋಗದೆ ಹದಿನೈದು ದಿನ ದುಡಿದರೆ ಕೈಗೆ ಬರುವ ಕೂಲಿ ಎಷ್ಟೆಂಬುದು ಎಲ್ಲರಿಗೂ ತಿಳಿದಿದೆ. ಆ ಹದಿನೈದು ದಿನದ ಗೈರುಹಾಜರಿಯಿಂದ ಕೈತಪ್ಪಬಹುದಾದ ವಿದ್ಯಾರ್ಥಿವೇತನ ಎಷ್ಟೆಂಬ ಲೆಕ್ಕವನ್ನು ಮಾತ್ರ ದುಡಿಯುವವರೂ ಹಾಕಿಲ್ಲ, ದುಡಿಸುವವರೂ ಹಾಕಿಲ್ಲ.

ವಿದ್ಯಾರ್ಥಿವೇತನವೆಂದರೆ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಒಮ್ಮೆ ಮಂಜೂರಾಗಿ ಓದು ಮುಗಿಯುವವರೆಗೂ ತಾನಾಗಿಯೇ ಬರುತ್ತಿರುವ ಹಣವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಬಹುತೇಕ ಯೋಜನೆಗಳಿಗೆ ಎರಡು ಬಾಗಿಲುಗಳಿವೆ. ಹಿಂದಿನ ಪರೀಕ್ಷೆಯ ಅಂಕಪಟ್ಟಿ ತೋರಿಸಿದರೆ ಮೊದಲನೆಯದು ತೆರೆಯುತ್ತದೆ. ಎರಡನೆಯದು ಪ್ರತಿ ವರ್ಷವೂ ಮುಚ್ಚಿಕೊಳ್ಳುತ್ತದೆ. ಆ ವರ್ಷದ ಫಲಿತಾಂಶ ತೋರಿಸಿದವರಿಗಷ್ಟೇ ಪುನಃ ತೆರೆಯುತ್ತದೆ. ನವೀಕರಣವೆಂಬ ಈ ಎರಡನೆಯ ಬಾಗಿಲಿನ ಬಳಿಯಲ್ಲೇ ನಮ್ಮ ಕಡೆಯ ಮಕ್ಕಳು ಎಡವುತ್ತಿದ್ದಾರೆ.

ಶೇಕಡಾ 80 ಅಲ್ಲ, 80ನೆಯ ಪರ್ಸೆಂಟೈಲ್

ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯವು ಕಾಲೇಜು ಹಾಗೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ನಡೆಸುವ ಕೇಂದ್ರ ವಲಯದ ವಿದ್ಯಾರ್ಥಿವೇತನವನ್ನೇ ಮೊದಲಿಗೆ ಪರಿಶೀಲಿಸಬಹುದು. 2008ರಲ್ಲಿ ಆರಂಭವಾದ ಈ ಯೋಜನೆಯಡಿ ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳಿವೆ. ಅವುಗಳಲ್ಲಿ ಅರ್ಧದಷ್ಟು ವಿದ್ಯಾರ್ಥಿನಿಯರಿಗೆ ಮೀಸಲು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯನ್ನು ಮೀರಿರಬಾರದು. ಪದವಿಯ ಮೂರು ವರ್ಷ ವಾರ್ಷಿಕ 12,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ ವಾರ್ಷಿಕ 20,000 ರೂಪಾಯಿ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಜಮೆಯಾಗುತ್ತದೆ.

ಅರ್ಹತೆಗೆ ಹನ್ನೆರಡನೆಯ ತರಗತಿಯಲ್ಲಿ 80ನೆಯ ಪರ್ಸೆಂಟೈಲ್‌ಗಿಂತ ಮೇಲಿರಬೇಕೆಂಬ ನಿಯಮವಿದೆ. ಇದನ್ನು ಶೇಕಡಾ 80 ಅಂಕವೆಂದು ತಿಳಿದು ಅರ್ಜಿಯನ್ನೇ ಹಾಕದೆ ಉಳಿಯುವವರುಂಟು. ಪರ್ಸೆಂಟೈಲ್ ಎಂಬುದು ಅಂಕದ ಅಳತೆಯಲ್ಲ, ಸ್ಥಾನದ ಅಳತೆ. ಆಯಾ ಮಂಡಳಿಯಲ್ಲಿ, ಆಯಾ ವಿಭಾಗದಲ್ಲಿ ಯಶಸ್ವಿಯಾದ ನೂರು ಮಂದಿಯನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮುಂದಿನ ಇಪ್ಪತ್ತು ಮಂದಿಯೊಳಗೆ ಇರಬೇಕೆಂದಷ್ಟೇ ಇದರ ಅರ್ಥ. ಅಡಿಕೆಯ ಗುಣಮಟ್ಟ ನೋಡುವಾಗ ವ್ಯಾಪಾರಿಯು ಆ ದಿನ ಮಾರುಕಟ್ಟೆಗೆ ಬಂದ ಉಳಿದ ಮಾಲಿನೊಡನೆ ಹೋಲಿಸಿ ಬೆಲೆ ಕಟ್ಟುತ್ತಾನಲ್ಲವೆ, ಹಾಗೆ. ಹೊಸ ವಿದ್ಯಾರ್ಥಿವೇತನಗಳನ್ನು ವಿಜ್ಞಾನ, ವಾಣಿಜ್ಯ ಹಾಗೂ ಕಲಾ ವಿಭಾಗಗಳಿಗೆ 3:2:1ರ ಪ್ರಮಾಣದಲ್ಲಿ ಪ್ರತ್ಯೇಕವಾಗಿ ಹಂಚುವುದರಿಂದ ವಾಣಿಜ್ಯ ವಿಭಾಗದ ವಿದ್ಯಾರ್ಥಿಯು ವಿಜ್ಞಾನ ವಿಭಾಗದವರೊಡನೆ ಸ್ಪರ್ಧಿಸಬೇಕಾಗಿಲ್ಲ. ವರ್ತಕರ ಮಕ್ಕಳಲ್ಲಿ ಬಿ.ಕಾಂ. ಓದುವವರೇ ಹೆಚ್ಚಿರುವುದರಿಂದ ಈ ಅಂಶ ಗಮನಾರ್ಹ.

ಇದು ಮೊದಲ ಬಾಗಿಲು. ನವೀಕರಣಕ್ಕೆ ಪ್ರತಿ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 50 ಅಂಕ ಹಾಗೂ ಕನಿಷ್ಠ ಶೇಕಡಾ 75 ಹಾಜರಾತಿ ಬೇಕು. ಪಿಯುಸಿಯಲ್ಲಿ ಮುಂಚೂಣಿಯಲ್ಲಿದ್ದ ವಿದ್ಯಾರ್ಥಿಗೆ ಶೇಕಡಾ 50 ಎಂಬುದು ಹಗುರವೆನಿಸಬಹುದು. ಆದರೆ ಹಾಜರಾತಿಯ ಮಾತು ಬೇರೆ. ಒಂದು ಸೆಮಿಸ್ಟರಿನಲ್ಲಿ 90 ದಿನ ತರಗತಿ ನಡೆಯಿತೆಂದರೆ ಶೇಕಡಾ 25 ಎಂದರೆ 22 ದಿನ. ಹಳ್ಳಿಯಿಂದ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ ಜ್ವರ, ಮದುವೆ, ಜಾತ್ರೆ, ತಪ್ಪಿದ ಬಸ್ಸು ಇವುಗಳಲ್ಲಿಯೇ ಏಳೆಂಟು ದಿನ ಕಳೆದುಹೋಗುತ್ತವೆ. ಅದರ ಮೇಲೆ ಹದಿನೈದು ದಿನದ ಸುಲಿತ ಸೇರಿದರೆ ಗಡಿ ಮುಟ್ಟಿದಂತೆಯೇ. ಮೊದಲ ವರ್ಷದಲ್ಲಿಯೇ ಹೀಗೆ ಅರ್ಹತೆ ತಪ್ಪಿದವನಿಗೆ ಪದವಿಯ ಉಳಿದ ಎರಡು ವರ್ಷಗಳ 24,000 ರೂಪಾಯಿಯೂ, ಮುಂದೆ ಸ್ನಾತಕೋತ್ತರ ಓದುವುದಾದರೆ ಎರಡು ವರ್ಷಗಳ 40,000 ರೂಪಾಯಿಯೂ ಅಪಾಯಕ್ಕೆ ಸಿಲುಕುತ್ತವೆ. ಒಟ್ಟು 64,000. ಹದಿನೈದು ದಿನದ ಯಾವ ಕೂಲಿಯೂ ಇದಕ್ಕೆ ಸಮನಾಗದು.

ಈ ಯೋಜನೆಯ ಮತ್ತೊಂದು ಷರತ್ತನ್ನೂ ಇಲ್ಲಿಯೇ ಹೇಳಿಬಿಡುವುದು ಒಳಿತು: ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನವನ್ನಾಗಲಿ ಶುಲ್ಕ ಮರುಪಾವತಿಯನ್ನಾಗಲಿ ಏಕಕಾಲದಲ್ಲಿ ಪಡೆಯುವಂತಿಲ್ಲ. ಸೈಬರ್ ಅಂಗಡಿಯವನು ಹೇಳಿದನೆಂದು ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಯಾವುದರಲ್ಲಿ ಹೆಚ್ಚು ಲಾಭ, ಯಾವುದರ ನವೀಕರಣ ಸುಲಭ ಎಂಬುದನ್ನು ತೂಗಿ ನೋಡಿ ಆರಿಸಿಕೊಳ್ಳಬೇಕು.

ಮೊದಲ ಪ್ರಯತ್ನದ ಬೆಲೆ

ಅನೇಕ ಯೋಜನೆಗಳಲ್ಲಿ ಅಂಕಕ್ಕಿಂತಲೂ ದುಬಾರಿಯಾಗಿ ಪರಿಣಮಿಸುವ ಎರಡು ಪದಗಳೆಂದರೆ 'ಮೊದಲ ಪ್ರಯತ್ನ'. ರಾಜ್ಯ ಸಮಾಜ ಕಲ್ಯಾಣ ಇಲಾಖೆಯು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ನೀಡುತ್ತ ಬಂದಿರುವ ಪ್ರೋತ್ಸಾಹಧನವು ಇದಕ್ಕೆ ಸ್ಪಷ್ಟ ನಿದರ್ಶನ. ಪ್ರಥಮ ದರ್ಜೆಯಲ್ಲಿ, ಮೊದಲ ಪ್ರಯತ್ನದಲ್ಲಿಯೇ ಉತ್ತೀರ್ಣರಾದವರಿಗೆ ದ್ವಿತೀಯ ಪಿಯುಸಿ ಅಥವಾ ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮುಂತಾದ ವೃತ್ತಿಪರ ಪದವಿಗಳಿಗೆ 35,000 ರೂಪಾಯಿ. ಒಂದೇ ಒಂದು ವಿಷಯ ಉಳಿದು, ಮುಂದೆ ಅದನ್ನು ಎಷ್ಟು ಚೆನ್ನಾಗಿ ಕಟ್ಟಿ ತೇರ್ಗಡೆಯಾದರೂ ಈ ಹಣ ಬರುವುದಿಲ್ಲ. ಹಂಗಾಮಿನ ನಡುವೆ ನಡೆದ ಆಂತರಿಕ ಪರೀಕ್ಷೆಯೊಂದಕ್ಕೆ ಹೋಗಲಾಗದೆ, ಅದರ ಅಂಕ ಕಡಿಮೆಯಾಗಿ, ಒಂದು ವಿಷಯ ಉಳಿದುಕೊಂಡ ವಿದ್ಯಾರ್ಥಿಗೆ ಆಗುವ ನಷ್ಟವನ್ನು ಮಾಲೀಕರು ಊಹಿಸಿಕೊಳ್ಳಬಹುದು.

ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಪಡೆಯುವ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ, ಅಂದರೆ ಸಾಮಾನ್ಯವಾಗಿ ಎನ್.ಎಂ.ಎಂ.ಎಸ್. ಎಂದು ಕರೆಯಲಾಗುವ ಯೋಜನೆಯ ನಿಯಮವೂ ಇದೇ ಧಾಟಿಯದು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಆದಾಯದ ಮಿತಿ 3.5 ಲಕ್ಷ. ಆದರೆ ಪಿಯುಸಿಗೆ ಬಂದ ಮೇಲೆಯೂ ಅದು ಮುಂದುವರಿಯಬೇಕಾದರೆ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 60, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಶೇಕಡಾ 55 ಅಂಕ ಬೇಕು. ಪ್ರಥಮ ಪಿಯುಸಿಯನ್ನು ಮೊದಲ ಪ್ರಯತ್ನದಲ್ಲಿ ಮುಗಿಸಿಯೇ ದ್ವಿತೀಯ ವರ್ಷಕ್ಕೆ ಹೋಗಬೇಕು. ಸರ್ಕಾರಿ ಹಾಗೂ ಅನುದಾನಿತ ಸಂಸ್ಥೆಗಳ ಮಕ್ಕಳಿಗೆ ಮಾತ್ರ ಈ ಸೌಲಭ್ಯವಿರುವುದರಿಂದ, ಹತ್ತನೆಯ ತರಗತಿ ಮುಗಿಯುತ್ತಲೇ ಊರವರ ಮಾತು ಕೇಳಿ ಖಾಸಗಿ ಕಾಲೇಜಿಗೆ ಸೇರಿಸುವ ತಂದೆಯು ಎರಡು ವರ್ಷದ 24,000 ರೂಪಾಯಿಯನ್ನು ಬಿಟ್ಟುಕೊಡುತ್ತಿದ್ದಾನೆಂಬುದನ್ನು ತಿಳಿದಿರಬೇಕು.

ತಾಂತ್ರಿಕ ಶಿಕ್ಷಣಕ್ಕೆ ಸೇರುವ ಹೆಣ್ಣುಮಕ್ಕಳಿಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ನೀಡುವ 'ಪ್ರಗತಿ' ವಿದ್ಯಾರ್ಥಿವೇತನದ ಮೊತ್ತ ಇವೆಲ್ಲಕ್ಕಿಂತ ದೊಡ್ಡದು: ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷವಾದ್ದರಿಂದ ಮಧ್ಯಮ ಪ್ರಮಾಣದ ವರ್ತಕರ ಮನೆಯ ಹೆಣ್ಣುಮಕ್ಕಳೂ ಅರ್ಹರು. ಒಂದು ಕುಟುಂಬದ ಇಬ್ಬರಿಗೆ ಅವಕಾಶವಿದೆ. ಇಲ್ಲಿಯೂ ಮುಂದಿನ ತರಗತಿಗೆ ತೇರ್ಗಡೆಯಾದರೆ ಮಾತ್ರ ನವೀಕರಣ. ಒಂದು ವರ್ಷ ಹಿಂದೆ ಬಿದ್ದರೆ ಐವತ್ತು ಸಾವಿರ ಹೋದಂತೆ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಲ್ಲಿ ಅಂಕದ ಒತ್ತಡ ಇಷ್ಟಿಲ್ಲ. ಅಲ್ಲಿ ಮುಖ್ಯವಾದುದು ಜಾತಿ, ಆದಾಯ ಹಾಗೂ ಮುಂದಿನ ತರಗತಿಗೆ ಬಡ್ತಿ. ಆದರೆ ಬಿ.ಎ. ಮುಗಿಸಿ ಪುನಃ ಬಿ.ಕಾಂ.ಗೆ ಸೇರುವಂತೆ ಅದೇ ಹಂತದ ಇನ್ನೊಂದು ಕೋರ್ಸಿಗೆ ಸೇರಿದರೆ ಅರ್ಹತೆ ಇರುವುದಿಲ್ಲ. 2021ರಲ್ಲಿ ರಾಜ್ಯದಲ್ಲಿ ಆರಂಭವಾದ ಮುಖ್ಯಮಂತ್ರಿ ರೈತ ವಿದ್ಯಾನಿಧಿಯೂ ಇಂತಿಷ್ಟೇ ಅಂಕ ಬೇಕೆಂದು ಕೇಳಿದ ಯೋಜನೆಯಲ್ಲ. ಪಿಯುಸಿಗೆ 2,500ರಿಂದ ಮೊದಲ್ಗೊಂಡು ವೃತ್ತಿಪರ ಹಾಗೂ ಸ್ನಾತಕೋತ್ತರ ಕೋರ್ಸುಗಳಿಗೆ 10,000 ರೂಪಾಯಿಯವರೆಗೆ, ಹೆಣ್ಣುಮಕ್ಕಳಿಗೆ ಅದಕ್ಕಿಂತ 500ರಿಂದ 1,000 ರೂಪಾಯಿ ಹೆಚ್ಚಾಗಿ ನಿಗದಿಯಾಗಿತ್ತು. ಅಂಗಡಿಯ ಜೊತೆಗೆ ಎರಡೆಕರೆ ತೋಟವಿರುವ ನಲ್ಲೂರಿನಂಥ ಊರುಗಳ ವರ್ತಕರು ತಾವು ವ್ಯಾಪಾರಿಗಳೆಂದಷ್ಟೇ ಭಾವಿಸಿ ಇಂಥ ಯೋಜನೆಗಳತ್ತ ನೋಡದಿರುವುದು ಸರಿಯಲ್ಲ. ಪಹಣಿ ಯಾರ ಹೆಸರಿನಲ್ಲಿದೆ ಎಂಬುದೇ ಇಲ್ಲಿ ಮುಖ್ಯ.

ಆದಾಯದ ಮಾತು ಬಂದುದರಿಂದ ಕಹಿಯಾದರೂ ಒಂದು ಮಾತು ಹೇಳಬೇಕಾಗಿದೆ. ವಹಿವಾಟು ಬೇರೆ, ಆದಾಯ ಬೇರೆ. ವರ್ಷಕ್ಕೆ 60 ಲಕ್ಷ ರೂಪಾಯಿ ವಹಿವಾಟಿರುವ ಕಿರಾಣಿ ವರ್ತಕನ ನಿವ್ವಳ ಆದಾಯ 4 ಲಕ್ಷವೇ ಇದ್ದರೆ ಅದರಲ್ಲಿ ಅಡಗಿಸುವಂಥದ್ದೇನೂ ಇಲ್ಲ. ಆದರೆ ಬ್ಯಾಂಕಿನ ಸಾಲಕ್ಕೆಂದು ಆದಾಯ ತೆರಿಗೆ ವಿವರಪಟ್ಟಿಯಲ್ಲಿ 9 ಲಕ್ಷ ತೋರಿಸಿ, ಮಗನ ವಿದ್ಯಾರ್ಥಿವೇತನಕ್ಕೆಂದು ನಾಡಕಚೇರಿಯಿಂದ 90 ಸಾವಿರದ ಪ್ರಮಾಣಪತ್ರ ತರುವುದು ವ್ಯಾಪಾರದ ಚಾತುರ್ಯವೆನಿಸಿಕೊಳ್ಳುವುದಿಲ್ಲ. ಅಂಥ ಒಂದು ಪ್ರಮಾಣಪತ್ರವು ಹಮಾಲನ ಮಗಳಿಗೆ ಸಲ್ಲಬೇಕಾದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಆಧಾರ್ ಹಾಗೂ ಪ್ಯಾನ್ ಜೋಡಣೆಯಾಗಿರುವ ಈ ದಿನಗಳಲ್ಲಿ ಅದು ಬಯಲಾಗುವುದೂ ಕಷ್ಟವಲ್ಲ.

ಸಾಲವೂ ಅಂಕಪಟ್ಟಿ ಕೇಳುತ್ತದೆ

ಆದಾಯದ ಮಿತಿಯನ್ನು ಮೀರಿದವರು ನೆಚ್ಚುವುದು ಶೈಕ್ಷಣಿಕ ಸಾಲವನ್ನು. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿ ಆನಂತರ ಹಲವು ಬಾರಿ ಪರಿಷ್ಕರಿಸಿದ ಮಾದರಿ ಯೋಜನೆಯನ್ನು ಬ್ಯಾಂಕುಗಳು ಅನುಸರಿಸುತ್ತವೆ. 4 ಲಕ್ಷದವರೆಗಿನ ಸಾಲಕ್ಕೆ ಆಧಾರ ಆಸ್ತಿ ಬೇಕಿಲ್ಲ, ವಂತಿಗೆಯ ಹಣವೂ ಬೇಕಿಲ್ಲ. ಕೋರ್ಸಿನ ಅವಧಿ ಹಾಗೂ ಆನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಮರುಪಾವತಿಗೆ 15 ವರ್ಷಗಳವರೆಗೆ ಕಾಲಾವಕಾಶವಿದೆ.

ಸಾಲವು ವ್ಯಾಪಾರದ ಮಾತಾದ್ದರಿಂದ ಅಲ್ಲಿ ಅಂಕಕ್ಕೇನು ಕೆಲಸವೆಂದು ಕೆಲವರು ಕೇಳುವುದುಂಟು. ಮೊದಲನೆಯದಾಗಿ, ಪ್ರವೇಶ ಪರೀಕ್ಷೆ ಅಥವಾ ಅರ್ಹತಾ ಪಟ್ಟಿಯ ಮೂಲಕ ಸೀಟು ಪಡೆದವರಿಗೆ ಆದ್ಯತೆ. ರಾಜ್ಯದ ಎಂಜಿನಿಯರಿಂಗ್ ಪ್ರವೇಶದಲ್ಲಿ ಸಿಇಟಿ ಅಂಕದಷ್ಟೇ ತೂಕ ದ್ವಿತೀಯ ಪಿಯುಸಿಯ ಅಂಕಕ್ಕೂ ಇರುವುದರಿಂದ ಪಿಯುಸಿಯ ಅಂಕವೇ ಶುಲ್ಕವನ್ನೂ ಸಾಲವನ್ನೂ ನಿರ್ಧರಿಸಿದಂತಾಗುತ್ತದೆ. ಎರಡನೆಯದಾಗಿ, ಸಾಲದ ಪೂರ್ತಿ ಹಣ ಒಮ್ಮೆಲೇ ಬಿಡುಗಡೆಯಾಗುವುದಿಲ್ಲ. ಪ್ರತಿ ವರ್ಷ ಪ್ರಗತಿಯ ವಿವರ ನೋಡಿ ಮುಂದಿನ ಕಂತನ್ನು ಬ್ಯಾಂಕು ಬಿಡುಗಡೆ ಮಾಡುತ್ತದೆ. ಕೋರ್ಸು ನಿಗದಿತ ಅವಧಿಯಲ್ಲಿ ಮುಗಿಯದಿದ್ದರೆ ಗರಿಷ್ಠ ಎರಡು ವರ್ಷಗಳ ವಿಸ್ತರಣೆಗೆ ಅವಕಾಶವಿದೆ. ಆದರೆ ಬಡ್ಡಿಗೆ ವಿಸ್ತರಣೆಯಿಲ್ಲ, ಅದು ಬೆಳೆಯುತ್ತಲೇ ಇರುತ್ತದೆ.

4.5 ಲಕ್ಷದೊಳಗೆ ಆದಾಯವಿರುವ ಕುಟುಂಬಗಳಿಗೆ ಕೇಂದ್ರ ಸರ್ಕಾರವು 2009ರಿಂದ ನೀಡುತ್ತ ಬಂದ ಬಡ್ಡಿ ಸಹಾಯಧನದ ನಿಯಮ ಇನ್ನೂ ಕಠಿಣ. ನಡುವೆಯೇ ಕೋರ್ಸು ಬಿಟ್ಟವರಿಗೂ, ಶೈಕ್ಷಣಿಕ ಅಥವಾ ಶಿಸ್ತಿನ ಕಾರಣಕ್ಕೆ ಕಾಲೇಜಿನಿಂದ ಹೊರಬಿದ್ದವರಿಗೂ ಅದು ದೊರೆಯುವುದಿಲ್ಲ. ಅನಾರೋಗ್ಯದ ಕಾರಣಕ್ಕೆ ಓದು ನಿಂತಿದ್ದರೆ ಮಾತ್ರ ವಿನಾಯಿತಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದವರೆಗೆ ಆದಾಯವುಳ್ಳ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇಕಡಾ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಅದು ರಾಷ್ಟ್ರೀಯ ಶ್ರೇಯಾಂಕದ ಆಧಾರದಲ್ಲಿ ಆಯ್ದ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಮಾತ್ರ.

ಸಣ್ಣ ಉದ್ಯಮಿಗಳಿಗೆ ಇಲ್ಲೊಂದು ಒಳಸುಳಿಯಿದೆ. ಶೈಕ್ಷಣಿಕ ಸಾಲದಲ್ಲಿ ತಂದೆಯು ಸಾಮಾನ್ಯವಾಗಿ ಸಹಸಾಲಗಾರ. ಮಗನ ಓದು ಎರಡು ವರ್ಷ ಹಿಂದೆ ಬಿದ್ದು, ಕೆಲಸ ಸಿಗದೆ, ಕಂತು ಬಾಕಿಯಾದರೆ ಅದರ ಕಲೆ ತಂದೆಯ ಸಾಲದ ದಾಖಲೆಯ ಮೇಲೂ ಬೀಳುತ್ತದೆ. ಮುಂದೆ ಅಕ್ಕಿ ಗಿರಣಿಯ ಕ್ಯಾಷ್ ಕ್ರೆಡಿಟ್ ಮಿತಿಯನ್ನು ಹೆಚ್ಚಿಸಿಕೊಳ್ಳಲು ಬ್ಯಾಂಕಿಗೆ ಹೋದಾಗ ಎಂದೋ ಮರೆತಿದ್ದ ಆ ಬಾಕಿ ಎದುರಾಗುತ್ತದೆ. ಮಗನ ಒಂದು ಸೆಮಿಸ್ಟರ್ ಹೋಗುವುದೆಂದರೆ ಕೆಲವೊಮ್ಮೆ ತಂದೆಯ ಒಂದು ಹಂಗಾಮಿನ ಬಂಡವಾಳವೇ ಹೋದಂತೆ.

ಮಾಲೀಕರ ಸಹಿ ಬೇಕಾದ ಅರ್ಜಿ

ಇದುವರೆಗೆ ಹೇಳಿದ ಯೋಜನೆಗಳಲ್ಲಿ ವರ್ತಕರ ಪಾತ್ರ ಪರೋಕ್ಷವಾದುದು. ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಧನಸಹಾಯದಲ್ಲಿ ಅದು ನೇರವಾದುದು. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುವ ಕಾರ್ಖಾನೆ ಹಾಗೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ವಂತಿಗೆ ಕಟ್ಟುತ್ತವೆ. ಹಿಂದೆ ಕಾರ್ಮಿಕನಿಂದ 20, ಮಾಲೀಕರಿಂದ 40, ಸರ್ಕಾರದಿಂದ 20 ರೂಪಾಯಿ ಇದ್ದ ಈ ವಂತಿಗೆ 2025ರಲ್ಲಿ ಕ್ರಮವಾಗಿ 50, 100 ಹಾಗೂ 50 ರೂಪಾಯಿಗೆ ಏರಿತು. ಜನವರಿ 15ರೊಳಗೆ ಅದು ಮಂಡಳಿಗೆ ಸಂದಾಯವಾಗಬೇಕು. ಅನೇಕ ಮಾಲೀಕರು ಇದನ್ನು ಇನ್ನೊಂದು ತೆರಿಗೆಯೆಂದೇ ಭಾವಿಸಿ ಕಟ್ಟುತ್ತಾರೆ, ಇಲ್ಲವೆ ಮರೆಯುತ್ತಾರೆ.

ಆ ನಿಧಿಯಿಂದಲೇ ಕಾರ್ಮಿಕರ ಮಕ್ಕಳಿಗೆ ಪ್ರೌಢಶಾಲೆಯಿಂದ ಸ್ನಾತಕೋತ್ತರದವರೆಗೆ ಧನಸಹಾಯ ದೊರೆಯುತ್ತದೆ. ಕಾರ್ಮಿಕನ ಮಾಸಿಕ ವೇತನ 35,000 ರೂಪಾಯಿ ಮೀರಿರಬಾರದು. ಕುಟುಂಬದ ಒಂದು ಮಗುವಿಗೆ ಮಾತ್ರ ಅವಕಾಶ. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗದವರು ಶೇಕಡಾ 50, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಶೇಕಡಾ 45 ಅಂಕ ಗಳಿಸಿರಬೇಕು. ಇದರ ಜೊತೆಗೆ ಸಂಸ್ಥೆಯು ವಂತಿಗೆ ಕಟ್ಟಿರಬೇಕು ಮತ್ತು ಮಾಲೀಕರು ಅರ್ಜಿಯನ್ನು ದೃಢೀಕರಿಸಬೇಕು. ಮಗಳು ಶೇಕಡಾ 70 ಅಂಕ ತಂದಿದ್ದರೂ ಗಿರಣಿಯವರು ನೂರು ರೂಪಾಯಿ ಕಟ್ಟದಿದ್ದರೆ ಆ ಅಂಕಪಟ್ಟಿಗೆ ಬೆಲೆಯಿಲ್ಲ. ತಮ್ಮ ಘಟಕವು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬ ಸಂಶಯವಿರುವವರು ಕಾರ್ಮಿಕ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ. ಆಯಾ ವರ್ಷದ ಅಧಿಸೂಚನೆಯಲ್ಲಿ ಮೊತ್ತ ಹಾಗೂ ಕೊನೆಯ ದಿನಾಂಕಗಳು ಬದಲಾಗುವುದರಿಂದ ಹಿಂದಿನ ವರ್ಷದ ಕಾಗದವನ್ನೇ ನಂಬಿ ಕೂರಬಾರದು.

ಪ್ರತಿಭಾ ಪುರಸ್ಕಾರದಾಚೆ

ವಿದ್ಯೆಗೆ ನೆರವಾಗುವುದು ದಾವಣಗೆರೆ ಸೀಮೆಯ ವರ್ತಕ ಸಮುದಾಯಕ್ಕೆ ಹೊಸದೇನಲ್ಲ. 1951ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಇಂದಿಗೂ ದಾನಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಅವರ ಹೆಸರನ್ನು ಹೊತ್ತಿದೆ, ಡಿ.ಆರ್.ಎಂ. ವಿಜ್ಞಾನ ಕಾಲೇಜಿನ ಹೆಸರಿನಲ್ಲಿರುವವರು ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರು. ಇಂದು ಊರೂರಿನ ವರ್ತಕರ ಸಂಘಗಳೂ ಸಮುದಾಯ ಸಂಘಟನೆಗಳೂ ಶೇಕಡಾ 90 ಮೀರಿದವರನ್ನು ವೇದಿಕೆಗೆ ಕರೆದು ಶಾಲು, ಸ್ಮರಣಿಕೆ, ಒಂದು ಚೆಕ್ ನೀಡಿ ಗೌರವಿಸುತ್ತವೆ. ಅದು ಒಳ್ಳೆಯ ಕೆಲಸವೇ. ಆದರೆ ಶೇಕಡಾ 90 ಗಳಿಸಿದವರಿಗೆ ಸರ್ಕಾರದ ಬಾಗಿಲುಗಳು ಹೇಗೂ ತೆರೆದಿವೆ. ಖಾಸಗಿ ದತ್ತಿಸಂಸ್ಥೆಗಳಲ್ಲಿಯೂ ಅನೇಕವು ಅಂಥವರನ್ನೇ ಹುಡುಕುತ್ತವೆ. ಸರ್ಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ, ಅಂಕದ ಪೈಪೋಟಿಯಿಲ್ಲದೆ ವರ್ಷಕ್ಕೆ 30,000 ರೂಪಾಯಿ ನೀಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವು 2025ರಲ್ಲಿ ಕರ್ನಾಟಕಕ್ಕೂ ಬಂದುದು ಒಂದು ಒಳ್ಳೆಯ ಅಪವಾದ.

ನೆರವು ನಿಜವಾಗಿ ಬೇಕಾಗಿರುವುದು ಮೊದಲ ವರ್ಷ ಶೇಕಡಾ 58 ಗಳಿಸಿ, ಎರಡನೆಯ ವರ್ಷ 48ಕ್ಕೆ ಇಳಿದು, ಇದ್ದಬದ್ದ ವಿದ್ಯಾರ್ಥಿವೇತನವನ್ನೂ ಕಳೆದುಕೊಂಡ ವಿದ್ಯಾರ್ಥಿಗೆ. ಅವನನ್ನು ಯಾವ ವೇದಿಕೆಯೂ ಕರೆಯುವುದಿಲ್ಲ. ಕಾಲೇಜು ಬಿಡುವ ಮಾತು ಮನೆಯಲ್ಲಿ ಆರಂಭವಾಗುವುದು ಆ ವರ್ಷದಲ್ಲಿಯೇ. ತಾಲ್ಲೂಕಿನ ವರ್ತಕರ ಸಂಘವೊಂದು ಪುರಸ್ಕಾರದ ನಿಧಿಯಲ್ಲಿ ಕಾಲು ಭಾಗವನ್ನು ತೆಗೆದಿಟ್ಟು, ಹೀಗೆ ಒಂದು ವರ್ಷ ನವೀಕರಣ ತಪ್ಪಿದವರಿಗೆ ಮುಂದಿನ ಪರೀಕ್ಷೆಯವರೆಗಿನ ಶುಲ್ಕ ಹಾಗೂ ಬಸ್ ಪಾಸಿನ ಖರ್ಚನ್ನು ಭರಿಸಿದರೆ ಹತ್ತು ಸ್ಮರಣಿಕೆಗಳಿಗಿಂತ ಹೆಚ್ಚಿನ ಫಲ ಕಾಣಬಹುದು.

ಹಣವೇ ಬೇಡದ ಕೆಲಸವೂ ಒಂದಿದೆ. ಕಣದಲ್ಲಿ, ಮಂಡಿಯಲ್ಲಿ, ಗಿರಣಿಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೆಲಸಕ್ಕೆ ಕರೆಯುವವರು ಅವರನ್ನು ಭಾನುವಾರ, ರಜಾದಿನ ಹಾಗೂ ಸಂಜೆ ಐದರ ನಂತರಕ್ಕೆ ಸೀಮಿತಗೊಳಿಸಿಕೊಳ್ಳಬಹುದು. ಸುಲಿದಷ್ಟಕ್ಕೆ ಕೂಲಿ ಕೊಡುವ ಕೆಲಸದಲ್ಲಿ ಇದರಿಂದ ಮಾಲೀಕರಿಗೆ ನಷ್ಟವಿಲ್ಲ. ಸೇರಿಸಿಕೊಳ್ಳುವ ಮೊದಲು ಆಂತರಿಕ ಪರೀಕ್ಷೆಯ ದಿನಾಂಕಗಳನ್ನು ಕೇಳಿ ಗುಮಾಸ್ತರ ಪುಸ್ತಕದಲ್ಲಿ ಬರೆಸಿಟ್ಟರೆ, ಆ ದಿನ ಬೆಳಿಗ್ಗೆ ಅವರ ಮನೆಗೆ ಕರೆ ಹೋಗುವುದು ತಪ್ಪುತ್ತದೆ.